ಎಕ್ಸ್ ಅಂದ್ರೆ ಎಷ್ಟೋ ಅಷ್ಟು

ಶನಿವಾರ ಸಂಜೆ ನಾವು ಮೂವರು ಸೇರಿದ್ದೆವು. ಮೇಷ್ಟ್ರು, ವಕೀಲ, ನಾನು. ಮೇಷ್ಟ್ರು ಏಳು, ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತಾನೆ. ಚಿಕ್ಕಂದಿನ ಗೆಳೆಯನಾದ್ದರಿಂದ ಹೆಸರಿಗೆ ಮಾತ್ರ ಬಹುವಚನ, ಬೈಯುವಾಗ ಏಕವಚನ.

ವಕೀಲ ಬಂದವನೇ ಮೊಬೈಲನ್ನು ಚಾರ್ಜಿಗೆ ಹಾಕಿ, ಕುರ್ಚಿ ಎಳೆದುಕೊಂಡು ಶುರು ಮಾಡಿದ.

"ಮೇಷ್ಟ್ರೇ, ನಿಮ್ಮ ರೇಖಾತ್ಮಕ ಸಮೀಕರಣದಿಂದ ನಮ್ಮನೆ ನೆಮ್ಮದಿ ಹಾಳಾಗಿದೆ. ಮಗ ಮೂರು ದಿನದಿಂದ ಎಕ್ಸ್ ಎಷ್ಟು, ಎಕ್ಸ್ ಎಷ್ಟು ಅಂತ ಓಡಾಡ್ತಿದ್ದಾನೆ. ಇಷ್ಟು ವರ್ಷ ಕೋರ್ಟಿಗೆ ಹೋಗಿದ್ದೀನಿ, ಒಂದು ದಿನವೂ ಎಕ್ಸ್ ಬಂದು ಸಾಕ್ಷಿ ಹೇಳಿಲ್ಲ. ನಿಜ ಜೀವನದಲ್ಲಿ ಇದು ಎಲ್ಲಿ ಬೇಕಾಗುತ್ತೋ?"

ಮೇಷ್ಟ್ರು ಸಿಟ್ಟಾಗಲಿಲ್ಲ. ಈ ಪ್ರಶ್ನೆಯನ್ನು ಅವನು ದಿನಕ್ಕೆ ನಾಲ್ಕು ಪೀರಿಯಡ್ ಕೇಳುತ್ತಾನಂತೆ. ಎದ್ದು ಹೋಗಿ ಮೊಬೈಲ್ ನೋಡಿದ.

"ಚುಚ್ಚಿದಾಗ ಎಷ್ಟಿತ್ತು?"

"ಶೇಕಡಾ 14."

"ಹತ್ತು ನಿಮಿಷ ಸುಮ್ನೆ ಕೂತಿರು."

ವಕೀಲನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಮಗನ ಗಣಿತ ಪುಸ್ತಕದ ಮೇಲೆ ಸಿಡುಕಿದ. "ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತೆ ಅಂತ ಬರೆದಿದ್ದಾರೆ. ಇದು ಗಣಿತವೋ, ರಾಜಕೀಯವೋ?"

"ಅದೇ ಹಳೇ ವಿಷಯ ಕಣೋ," ಅಂದ ಮೇಷ್ಟ್ರು. "820ರ ಸುಮಾರಿಗೆ ಬಾಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಅನ್ನೋನು ಇದರ ಮೇಲೊಂದು ಪುಸ್ತಕ ಬರೆದ. ಕಳೆಯೋದನ್ನ ಆಚೆ ಬದಿಗೆ ಸಾಗಿಸಿ ಕೂಡೋದಾಗಿ ಮಾಡ್ತಾರಲ್ಲ, ಅದಕ್ಕೆ ಅವನಿಟ್ಟ ಹೆಸರು ಅಲ್ ಜಬ್ರ್. ಆಲ್ಜೀಬ್ರಾ ಅನ್ನೋ ಪದ ಹುಟ್ಟಿದ್ದೇ ಅಲ್ಲಿಂದ. ಮುರಿದದ್ದನ್ನ ಸರಿ ಕೂರಿಸೋದು ಅಂತ ಅರ್ಥ. ಸ್ಪೇನಿನಲ್ಲಿ ಒಂದು ಕಾಲಕ್ಕೆ ಮೂಳೆ ಕೂರಿಸೋರನ್ನೂ ಅಲ್ಜೆಬ್ರಿಸ್ತಾ ಅಂತಿದ್ದರು."

"ಅಂದ್ರೆ ಪಕ್ಷಾಂತರ ಮಾಡೋದು, ಮೂಳೆ ಮುರಿಯೋದು, ಎರಡೂ ಮೊದಲಿನಿಂದಲೂ ಒಟ್ಟಿಗೇ ಇವೆ," ಅಂದೆ ನಾನು.

"ಮುರಿಯೋದಲ್ಲ, ಕೂರಿಸೋದು!"

ಹತ್ತು ನಿಮಿಷವಾಯಿತು. ಮೊಬೈಲ್ ಶೇಕಡಾ 26 ತೋರಿಸಿತು. ಮೇಷ್ಟ್ರು ಹಳೇ ಲಕೋಟೆಯ ಹಿಂಬದಿಗೆ ಬರೆದ. "ಹತ್ತು ನಿಮಿಷಕ್ಕೆ 12 ಏರಿದೆ. ನಿಮಿಷಕ್ಕೆ 1.2. ಚುಚ್ಚಿ ಎಕ್ಸ್ ನಿಮಿಷವಾದಾಗ ಚಾರ್ಜು ವೈ ಅಂತಿಟ್ಕೋ. ವೈ = 14 + 1.2 ಎಕ್ಸ್. ವೈ 100 ಆಗಬೇಕಾದರೆ 86ನ್ನು 1.2ರಿಂದ ಭಾಗಿಸು. 72 ನಿಮಿಷಕ್ಕೆ ನಿನ್ನ ಫೋನು ಫುಲ್. ಇದೇ ನಿಜ ಜೀವನ."

"ಬೆಟ್ಟು!" ಅಂದ ವಕೀಲ. "ಆಗದಿದ್ದರೆ ನನ್ನ ಮಗನ ಹೋಮ್‌ವರ್ಕು ಈ ವಾರ ಪೂರ್ತಿ ನಿಂದು."

"ಒಪ್ಪಿದೆ. ಆದರೆ ಅಲ್ಲೀತನಕ ನಾನೊಂದು ಲೆಕ್ಕ ಕೊಡ್ತೀನಿ, ನೀನು ಬರಿ. ಒಂದು ಕಾಲೇಜಿನಲ್ಲಿ ಶಿಕ್ಷಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳಿಗೆ ವಿ, ಶಿಕ್ಷಕರಿಗೆ ಶಿ. ಸಮೀಕರಣ ಏನು?"

ವಕೀಲ ಪೆನ್ನು ಕಿತ್ತುಕೊಂಡು ಉಸಿರು ಬಿಡುವಷ್ಟರಲ್ಲಿ ಬರೆದ: 6 ವಿ = ಶಿ.

ಮೇಷ್ಟ್ರು ಲಕೋಟೆಯನ್ನು ನನ್ನ ಕಡೆ ತಿರುಗಿಸಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ನಾನೂ ಅದನ್ನೇ ಬರೆಯುತ್ತಿದ್ದೆ, ಹೇಳಲಿಲ್ಲ ಅಷ್ಟೇ.

"ಸರಿ, ವಿದ್ಯಾರ್ಥಿಗಳು ಹತ್ತು ಮಂದಿ ಅನ್ನು. ಶಿಕ್ಷಕರೆಷ್ಟು?"

ವಕೀಲ ತುಟಿ ಅಲ್ಲಾಡಿಸಿದ. "ಆರು ಹತ್ತಲಿ... ಅರವತ್ತು."

"ಹತ್ತು ಮಕ್ಕಳಿಗೆ 60 ಜನ ಮೇಷ್ಟ್ರು! ಒಂದೊಂದು ಮಗುವಿನ ಸುತ್ತ ಆರಾರು ಜನ ನಿಂತು ಪಾಠ ಮಾಡ್ತಾರೆ. ಮಗು ತಪ್ಪಿಸ್ಕೊಳ್ಳೋಕೆ ದಾರಿಯೇ ಇಲ್ಲ."

"ಮತ್ತೆ ಆರು ವಿದ್ಯಾರ್ಥಿಗಳಿಗೆ ಒಬ್ಬ ಶಿಕ್ಷಕ ಅಂತ ತಾನೇ ನಾನು ಬರೆದಿರೋದು?"

"ಅಲ್ಲೇ ಇರೋದು ಎಡವಟ್ಟು. ವಿ ಅಂದ್ರೆ ವಿದ್ಯಾರ್ಥಿ ಅಲ್ಲ, ವಿದ್ಯಾರ್ಥಿಗಳ ಸಂಖ್ಯೆ. ನೀನು ಹೇಳಿದ ಮಾತನ್ನ ಕಿವಿಗೆ ಬಿದ್ದ ಹಾಗೇ ಎಡದಿಂದ ಬಲಕ್ಕೆ ಇಳಿಸಿಬಿಟ್ಟೆ. ಶಿಕ್ಷಕರ ಸಂಖ್ಯೆಯನ್ನ ಆರರಿಂದ ಗುಣಿಸಿದರೆ ತಾನೇ ವಿದ್ಯಾರ್ಥಿಗಳ ಸಂಖ್ಯೆಗೆ ಸಮ ಆಗೋದು? ವಿ = 6 ಶಿ. ಬೇಜಾರು ಮಾಡ್ಕೋಬೇಡ, ಅಮೆರಿಕದಲ್ಲಿ ಇದನ್ನ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದ್ದಾರೆ. ನೂರಕ್ಕೆ 37 ಮಂದಿ ತಪ್ಪಿದರು."

ವಕೀಲನಿಗೆ ಎಂಜಿನಿಯರುಗಳ ಜೊತೆ ಸೇರಿದ್ದು ಸ್ವಲ್ಪ ಸಮಾಧಾನ ತಂದಂತೆ ಕಂಡಿತು. ಲಕೋಟೆಯನ್ನು ಮಾತ್ರ ಮಡಚಿ ಕೆಳಗಿಟ್ಟ.

"ಸಮೀಕರಣ ಬಿಡಿಸೋದು ಸುಲಭ," ಮೇಷ್ಟ್ರು ಮುಂದುವರಿಸಿದ. "ಎರಡು ವಾರದಲ್ಲಿ ಕಲೀತಾರೆ. ಕಷ್ಟ ಇರೋದು ಮಾತನ್ನ ಸಮೀಕರಣ ಮಾಡೋದರಲ್ಲಿ, ಆಮೇಲೆ ಬಂದ ಉತ್ತರವನ್ನ ವಾಪಸ್ ಮಾತಿಗೆ ತರೋದರಲ್ಲಿ. ಒಂದು ಬಸ್ಸಿಗೆ 36 ಸೈನಿಕರು, ಒಟ್ಟು 1128 ಸೈನಿಕರು. ಎಷ್ಟು ಬಸ್ಸು ಬೇಕು? 36 ಎಕ್ಸ್ = 1128. ಇದೂ ಅಮೆರಿಕದ್ದೇ, 13 ವರ್ಷದ ಮಕ್ಕಳಿಗೆ ಕೇಳಿದ್ದು. ನೂರಕ್ಕೆ 29 ಮಕ್ಕಳು ಏನು ಬರೆದರು ಗೊತ್ತಾ? 31 ಬಸ್ಸು, ಶೇಷ 12."

"ಶೇಷದವರು ನಡ್ಕೊಂಡು ಹೋದರಾ?"

"ಮಕ್ಕಳಿಗೆ ಅದು ಬಸ್ಸಲ್ಲ, ಭಾಗಾಕಾರ. ಭಾಗಾಕಾರ ಮುಗೀತು, ಶೇಷವನ್ನ ಪಕ್ಕಕ್ಕಿಟ್ಟರು. ಆ 12 ಜನ ಇನ್ನೂ ನಿಂತಿದ್ದಾರೋ ಏನೋ."

ಮಧ್ಯೆ 25ನೇ ನಿಮಿಷಕ್ಕೆ ಫೋನು ನೋಡಿದೆವು. 44. ಸಮೀಕರಣಕ್ಕಿಟ್ಟರೆ ಕೂಡ 44. ಮೇಷ್ಟ್ರು ಮೀಸೆ ಇಲ್ಲದ ಜಾಗದಲ್ಲಿ ಮೀಸೆ ತಿರುವಿದ. ವಕೀಲ ಬೇರೆ ಪಾಯಿಂಟು ಹಿಡಿದ.

"ಎರಡು ಗಂಟೆ ಬಿಟ್ಟರೆ? ಎಕ್ಸ್‌ಗೆ 120 ಹಾಕು."

"ಶೇಕಡಾ 158," ಲೆಕ್ಕ ಮಾಡಿದ್ದು ನಾನು.

"ಆಹಾ! ಅರ್ಧ ಚಾರ್ಜು ನೆಲಕ್ಕೆ ಚೆಲ್ಲುತ್ತಾ? ಚುಚ್ಚೋದಕ್ಕೆ ಹತ್ತು ನಿಮಿಷ ಮೊದಲು? ಮೈನಸ್ 10 ಹಾಕು."

"ಶೇಕಡಾ 2."

"ಸುಳ್ಳು! ಆಗ 17 ಇತ್ತು, ದಾರಿಯಲ್ಲಿ ನಾನೇ ನೋಡಿದ್ದೀನಿ. ಮೈ ಲಾರ್ಡ್, ಸಾಕ್ಷಿ ನಂಬಿಕೆಗೆ ಅರ್ಹನಲ್ಲ."

ಮೇಷ್ಟ್ರು ನಕ್ಕ. "ಈ ಪ್ರಶ್ನೆ ಕೇಳೋ ಮಕ್ಕಳಿಗೆ ನಾನು ಎರಡು ಮಾರ್ಕು ಜಾಸ್ತಿ ಕೊಡ್ತೀನಿ. ಈ ಸಮೀಕರಣವನ್ನ ನಕ್ಷೆಯಲ್ಲಿ ಬರೆದರೆ ಒಂದು ನೇರ ಗೆರೆ. ಆ ಗೆರೆ ಎಲ್ಲಿಂದ ಎಲ್ಲೀತನಕ ನಿಜ ಅಂತ ಸಮೀಕರಣ ಹೇಳಲ್ಲ, ನಾವೇ ಹೇಳಬೇಕು. ಸಾಕ್ಷಿ ತಾನು ಇದ್ದ ಹೊತ್ತಿಗೆ ಮಾತ್ರ ಸಾಕ್ಷಿ, ಅಲ್ವಾ?"

ಈ ಮಾತು ವಕೀಲನಿಗೆ ನಾಟಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆತ್ತಗೆ ಕೇಳಿದ, "ಎಕ್ಸ್ ಅಂದ್ರೆ ಏನು ಅಂತ ಮಗನಿಗೆ ಹೇಗೆ ಹೇಳಲಿ?"

"ಭಾರತದ ಹಳೇ ಗಣಿತಜ್ಞರು ಗೊತ್ತಿಲ್ಲದ ಸಂಖ್ಯೆಗೆ ಯಾವತ್ತಾವತ್ ಅಂತಿದ್ದರು. ಎಷ್ಟೋ ಅಷ್ಟು ಅಂತ. ಎರಡನೇದು, ಮೂರನೇದು ಬಂದರೆ ಬಣ್ಣದ ಹೆಸರು, ಕಾಲಕ, ನೀಲಕ ಅಂತ. ನೀನೂ ಎಷ್ಟೋ ಅಷ್ಟು ಅಂತಲೇ ಹೇಳು."

"ನನ್ನ ಫೀಸು ಕೇಳಿದವರಿಗೆ ನಾನು ಹೇಳೋದೂ ಅದೇ," ಅಂದ ವಕೀಲ, ಖುಷಿಯಾಗಿ.

55ನೇ ನಿಮಿಷಕ್ಕೆ ಸರಿಯಾಗಿ 80. ಅಲ್ಲಿಂದ ಫೋನಿಗೆ ಸೋಮಾರಿತನ ಬಂತು. 65ಕ್ಕೆ 92 ಇರಬೇಕಿತ್ತು, 87 ಇತ್ತು. ಮೇಷ್ಟ್ರು ಕುರ್ಚಿಯಿಂದ ಎದ್ದು ಫೋನಿನ ಪಕ್ಕವೇ ನಿಂತ. ಲಿಥಿಯಂ ಬ್ಯಾಟರಿ ತುಂಬುತ್ತಾ ಬಂದಂತೆ ಕರೆಂಟು ಕಡಿಮೆ ಹರಿಯುತ್ತೆ, ಕೊನೆಯ ಭಾಗ ಯಾವಾಗಲೂ ನಿಧಾನ ಅಂತ ಹೇಳತೊಡಗಿದ. ಇದು ಅವನಿಗೆ ಮೊದಲೇ ಗೊತ್ತಿತ್ತು. ಬೆಟ್ಟು ಕಟ್ಟುವಾಗ ಮರೆತಿದ್ದ.

72. ಫೋನು 91.

"80ರಿಂದ ಆಚೆಗೆ ಬೇರೆ ಗೆರೆ ಎಳೀಬೇಕು," ಅಂದ ಮೇಷ್ಟ್ರು. "17 ನಿಮಿಷಕ್ಕೆ 11 ಏರಿದೆ. ಇನ್ನು 9 ಏರೋಕೆ..."

ಅಷ್ಟರಲ್ಲಿ ಫೋನೇ ಹೊಡೆದುಕೊಂಡಿತು. ಮಗ. ವಕೀಲ ಸ್ಪೀಕರ್ ಹಾಕಿದ.

"ಅಪ್ಪಾ, ಕ್ಲಾಸಿನಲ್ಲಿ 36 ಮಕ್ಕಳು. ಹುಡುಗರಿಗಿಂತ ಹುಡುಗಿಯರು 4 ಜಾಸ್ತಿ. ಹುಡುಗರೆಷ್ಟು ಅಂತ. ನಂಗೆ 7.2 ಹುಡುಗರು ಬಂದಿದ್ದಾರೆ."

ಮೇಷ್ಟ್ರು ಬಾಯಿ ತೆರೆದ. ಅವನೇ ತಾನೇ ಸೋತವನು, ಈ ವಾರದ ಹೋಮ್‌ವರ್ಕು ಅವನದು. ವಕೀಲ ಕೈ ಅಡ್ಡ ಹಿಡಿದು, ಕೋರ್ಟಿನ ದನಿಯಲ್ಲಿ ಕೇಳಿದ, "ಮೊದಲು ಎಕ್ಸ್ ಏನು ಹೇಳು. ಹುಡುಗನೋ, ಹುಡುಗರ ಸಂಖ್ಯೆಯೋ?"

"ಸಂಖ್ಯೆ."

"ಹುಡುಗಿಯರಿಗೆ ಏನು ಬರೆದೆ?"

"4 ಎಕ್ಸ್."

"ಅದು ನಾಲ್ಕು ಪಟ್ಟು ಕಣೋ! ನಾಲ್ಕು ಜಾಸ್ತಿ ಅಂದ್ರೆ ಎಕ್ಸ್ + 4! ಇರು, ಬಿಡಿಸಿ ಹೇಳ್ತೀನಿ." ಅವನು ಸಡಗರದಲ್ಲಿ ಚಾರ್ಜರ್ ಕಿತ್ತು, ಫೋನು ಹಿಡಿದು ವರಾಂಡಾಕ್ಕೆ ಹೊರಟೇಬಿಟ್ಟ.

"ಚಾರ್ಜರ್ ಕೀಳಬೇಡವೋ, ಇನ್ನೊಂದು ಗೆರೆ ಬಾಕಿ ಇದೆ!" ಅಂತ ಮೇಷ್ಟ್ರು ಲಕೋಟೆ ಹಿಡಿದು ಹಿಂದೆಯೇ ಓಡಿದ.

ವರಾಂಡಾದಿಂದ ವಕೀಲನ ದನಿ ಕೇಳುತ್ತಿತ್ತು. "16 ಬಂತಾ? ಬಂತಲ್ಲಾ!"

ಫೋನು 90ಕ್ಕೆ ಇಳಿದಿತ್ತು.