ದೊಡ್ಡ ಮಾವ ಕಳಿಸಿದ ಸಿಂಗಾಪುರದ ಫಾರ್ವರ್ಡ್

ದೊಡ್ಡ ಮಾವ: (ಫಾರ್ವರ್ಡ್) ಸಿಂಗಾಪುರದಲ್ಲಿ 10 ಕುಟುಂಬಗಳಲ್ಲಿ 9ಕ್ಕೆ ಸ್ವಂತ ಮನೆ! ಸರ್ಕಾರವೇ ಕಟ್ಟಿಸಿಕೊಟ್ಟಿದೆ. ಸಾಲದ ಕಾಟ ಇಲ್ಲ, ಚಿಂತೆ ಇಲ್ಲ. ದೇಶಕ್ಕೆ ಒಬ್ಬ ಗಟ್ಟಿ ನಾಯಕ ಇದ್ದರೆ ಸಾಕು. ಎಲ್ಲರಿಗೂ ಕಳಿಸಿ.

ದೊಡ್ಡ ಮಾವ: ಬರೀ ಶುಭಾಶಯ ಹಾಕೋದು ಬಿಟ್ಟು ಇಂಥದ್ದೂ ಸ್ವಲ್ಪ ಓದಿ.

ತಮ್ಮ: ಓದಿದೆ ಮಾವ. ಮೊದಲ ಸಾಲು ನಿಜ. ಸಾಲದ ಕಾಟ ಇಲ್ಲ ಅನ್ನೋದು ಮಾತ್ರ ಶುದ್ಧ ಬಂಡಲ್. ಅಲ್ಲಿನವರೂ ಸಾಲ ಮಾಡಿಯೇ ಮನೆ ಕೊಳ್ಳುತ್ತಾರೆ.

ದೊಡ್ಡ ಮಾವ: ಕಂತು ಪಿಎಫ್‌ನಿಂದ ಹೋಗುತ್ತೆ ಕಣೋ. ಅಷ್ಟು ನನಗೂ ಗೊತ್ತು.

ತಮ್ಮ: ಪಿಎಫ್ ಯಾರ ದುಡ್ಡು ಮಾವ? 55 ವರ್ಷದೊಳಗಿನವರ ಸಂಬಳದಲ್ಲಿ, ಒಂದು ಮಿತಿಯವರೆಗೆ, ಶೇ 20 ಅಲ್ಲಿನ ಪಿಎಫ್ ಆದ ಸಿಪಿಎಫ್‌ಗೆ ಹಿಡಿಯುತ್ತಾರೆ. ಕಂಪನಿ ಶೇ 17 ಸೇರಿಸುತ್ತೆ. 1968ರಿಂದ ಅದರಲ್ಲಿ ಮನೆ ಕೊಳ್ಳಲು ಬಿಟ್ಟರು. ಮುಪ್ಪಿಗೆ ಅಂತ ಇಟ್ಟಿದ್ದು ಮನೆಗೆ ಹೋಯಿತು, ಅಷ್ಟೇ.

ಚಿಕ್ಕಮ್ಮ: ಅಣ್ಣಾ, ಅಷ್ಟು ಮನೆ ಕಟ್ಟಲು ಜಾಗ ಎಲ್ಲಿಂದ ಬಂತು ಅಂತ ಇದರಲ್ಲಿ ಬರೆದೇ ಇಲ್ಲವಲ್ಲ.

ನಾನು: ಅದೇ ಚಿಕ್ಕಮ್ಮ. 1966ರಲ್ಲಿ ಭೂಸ್ವಾಧೀನ ಕಾಯ್ದೆ ತಂದರು. 1973ರಲ್ಲಿ ಅದಕ್ಕೆ ತಿದ್ದುಪಡಿ ಮಾಡಿ, ಪರಿಹಾರ ಲೆಕ್ಕ ಹಾಕಲು ಆ ವರ್ಷದ ನವೆಂಬರ್ 30ರ ಬೆಲೆಯನ್ನು ಹಿಡಿದರು. ಆಮೇಲೆ ಬೆಲೆ ಎಷ್ಟೇ ಏರಲಿ, ವರ್ಷಗಟ್ಟಲೆ ಭೂಮಾಲೀಕನಿಗೆ ಅದೇ ಹಳೇ ರೇಟು. ಪೂರ್ತಿ ಮಾರುಕಟ್ಟೆ ಬೆಲೆ ಕೊಡಲು ಶುರು ಮಾಡಿದ್ದು 2007ರಲ್ಲಿ. ಅಷ್ಟು ಹೊತ್ತಿಗೆ ಕೊಳ್ಳಬೇಕಾದ್ದನ್ನೆಲ್ಲ ಕೊಂಡಾಗಿತ್ತು! ಗಟ್ಟಿ ನಾಯಕ ಅನ್ನುವವರು ಈ ಕಾಯ್ದೆಯ ಬಗ್ಗೆ ತುಟಿ ಬಿಚ್ಚಲ್ಲ.

ದೊಡ್ಡ ಮಾವ: ಹೌದಪ್ಪ, ಬಲವಂತ ಮಾಡಿದರು. ಮಾಡದೆ ಇನ್ನೇನು ಮಾಡಬೇಕಿತ್ತು? 1961ರ ಮೇ ತಿಂಗಳಲ್ಲಿ ಬುಕಿಟ್ ಹೋ ಸ್ವೀ ಅನ್ನೋ ಕಡೆ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಗೆ ಬಂದರು. ಎಲ್ಲ ಮರದ ಹಲಗೆ, ಸೋಗೆಯ ಗುಡಿಸಲು. ಗೃಹಮಂಡಳಿ ಎಚ್‌ಡಿಬಿ ಶುರುವಾಗಿ ಆಗಿನ್ನೂ ಒಂದು ವರ್ಷ ಚಿಲ್ಲರೆ. ಮೊದಲ ಐದು ವರ್ಷಕ್ಕೆ 50,000ಕ್ಕೂ ಹೆಚ್ಚು ಮನೆ ಎದ್ದವು. ಭೂಮಾಲೀಕರ ಹತ್ತಿರ ಚೌಕಾಸಿ ಮಾಡುತ್ತಾ ಕೂತಿದ್ದರೆ ಅವು ಏಳುತ್ತಿದ್ದವಾ?

ತಮ್ಮ: ಇದು ಒಳ್ಳೇ ಪಾಯಿಂಟು. ಫಾರ್ವರ್ಡ್ ಬದಲು ಇದನ್ನೇ ಬರೆಯಬಹುದಿತ್ತಲ್ಲ ಮಾವ.

ಅಕ್ಕ: ಈಗ ಕೆಲಸ ಮುಗಿಸಿ ನೋಡಿದೆ. ಏನಿದು, ನಮ್ಮ ಊರನ್ನೇ ಹರಾಜಿಗಿಟ್ಟಿದ್ದೀರಿ?

ದೊಡ್ಡ ಮಾವ: ಬಾ ಪುಟ್ಟಿ. ಅಲ್ಲೇ ಇರೋಳು ನೀನು, ನೀನೇ ಹೇಳು.

ಅಕ್ಕ: ಮಾವ, ಆ 9ರಲ್ಲಿ ನಾವೂ ಇದ್ದೇವೆ. ಪಿಆರ್, ಅಂದರೆ ಕಾಯಂ ವಾಸದ ಅನುಮತಿ, ಸಿಕ್ಕಿ ಮೂರು ವರ್ಷ ಕಾದು, ಹಳೇ ಫ್ಲ್ಯಾಟ್ ಕೊಂಡೆವು. ನಾಗರಿಕರು ಯಾರೂ ಇಲ್ಲದ, ಬರೀ ಪಿಆರ್ ಕುಟುಂಬಕ್ಕೆ ಹೊಸದನ್ನು ಕೊಡಲ್ಲ. ಆದರೆ ಈ ಮನೆಗಳನ್ನು ಕಟ್ಟೋರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. 10ರಲ್ಲಿ 9 ಅನ್ನೋದು ನಾಗರಿಕರು, ಪಿಆರ್‌ಗಳ ಕುಟುಂಬಗಳ ಲೆಕ್ಕ ಮಾತ್ರ. 2024ರಲ್ಲಿ ಒಟ್ಟು ಸುಮಾರು 60 ಲಕ್ಷ ಜನ, ಅದರಲ್ಲಿ 18 ಲಕ್ಷಕ್ಕೂ ಜಾಸ್ತಿ ಜನ ಈ ಎರಡರಲ್ಲೂ ಸೇರಲ್ಲ. ಕಟ್ಟಡ ಕೆಲಸದ ಹುಡುಗರು ಹೆಚ್ಚಾಗಿ ಡಾರ್ಮಿಟರಿಗಳಲ್ಲಿ ಇರುತ್ತಾರೆ. 2020ರಲ್ಲಿ ಕೊರೊನಾ ಎಲ್ಲಿ ಹಬ್ಬಿತು ಅಂತ ನೆನಪಿದೆ ಅಲ್ವಾ?

ದೊಡ್ಡ ಮಾವ: ಇದು ಗೊತ್ತಿರಲಿಲ್ಲ.

ಚಿಕ್ಕಮ್ಮ: ಪುಟ್ಟಿ, ಮನೆ ನೋಡಿ ಶಾಲೆ ಸೀಟು ಕೊಡುತ್ತಾರಂತೆ, ನಿಜವಾ?

ಅಕ್ಕ: ನಿಜ ಚಿಕ್ಕಮ್ಮ. ಒಂದನೇ ಕ್ಲಾಸಿಗೆ ಅರ್ಜಿ ಜಾಸ್ತಿ ಬಂದರೆ, ಶಾಲೆಯಿಂದ 1 ಕಿಲೋಮೀಟರ್ ಒಳಗಿರೋರಿಗೆ ಮೊದಲು. ಆಮೇಲೆ 2 ಕಿಲೋಮೀಟರ್. ಅದೂ ನಾಗರಿಕರಾದ ಮೇಲೆಯೇ ಪಿಆರ್. ಜನ ಸೀಟಿಗೋಸ್ಕರ ಮನೆ ಬದಲಾಯಿಸುತ್ತಾರೆ ಅಂತ, ಆ ವಿಳಾಸದಲ್ಲಿ ಕನಿಷ್ಠ 30 ತಿಂಗಳು ಇರಬೇಕು ಅಂತಲೂ ನಿಯಮ ಇದೆ. ಅದಕ್ಕೂ ಮುಂಚಿನ ಹಂತದಲ್ಲಿ ಹಳೇ ವಿದ್ಯಾರ್ಥಿಗಳ ಮಕ್ಕಳು ಒಂದಷ್ಟು ಸೀಟು ತಗೊಂಡಿರುತ್ತಾರೆ.

ಚಿಕ್ಕಮ್ಮ: ಅಂದರೆ ಒಳ್ಳೇ ಹೆಸರಿರೋ ಶಾಲೆಯ ಸುತ್ತ ಮನೆ ಬೆಲೆ ಏರುತ್ತೆ, ಮನೆ ಕೊಳ್ಳೋರ ಮಕ್ಕಳು ಒಳಗೆ ಹೋಗುತ್ತಾರೆ. ಮೂವತ್ತು ವರ್ಷ ಪಾಠ ಮಾಡಿದವಳು ನಾನು, ಇದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಗೊತ್ತು. ಅದೇ ಸರ್ಕಾರ ಇನ್ನೊಂದು ಕಡೆ, ಹೈಸ್ಕೂಲಲ್ಲಿ ಮಕ್ಕಳನ್ನು ಎಕ್ಸ್‌ಪ್ರೆಸ್, ನಾರ್ಮಲ್ ಅಂತ ಬೇರೆ ಮಾಡೋದನ್ನು 2024ರ ಬ್ಯಾಚಿನಿಂದ ಕೈಬಿಟ್ಟಿದೆ. ಒಳಗೆ ಸಮ ಮಾಡಿ ಬಾಗಿಲಲ್ಲಿ ಕಿಲೋಮೀಟರ್ ಅಳೆದರೆ ಏನು ಬಂತು?

ದೊಡ್ಡ ಮಾವ: ದೂರದಿಂದ ಎರಡು ಬಸ್ ಹತ್ತಿಸಿ ಆರು ವರ್ಷದ ಮಗುವನ್ನು ಕಳಿಸಬೇಕಾ? ಹತ್ತಿರದವರಿಗೆ ಮೊದಲು ಅನ್ನೋದರಲ್ಲಿ ತಪ್ಪೇನಿದೆ?

ಚಿಕ್ಕಮ್ಮ: ಮಗುವಿಗೆ ಹತ್ತಿರ ಆಗಲಿ ಅಂತ ಮಾಡಿದ್ದು ಸರಿ ಅಣ್ಣಾ. ಬೆಲೆಗೆ ಮೂಗುದಾರ ಹಾಕದೆ ಮಾಡಿದ್ದು ತಪ್ಪು.

ತಮ್ಮ: ಬೆಲೆ ಅಂದಿರಲ್ಲ, ಎಚ್‌ಡಿಬಿ ಹಳೇ ಫ್ಲ್ಯಾಟುಗಳೇ ಹತ್ತು ಲಕ್ಷ ಸಿಂಗಾಪುರ ಡಾಲರ್ ದಾಟಿ ಮಾರಾಟ ಆಗುತ್ತಿವೆ. 2024ರಲ್ಲಿ ಅಂಥವು ಸಾವಿರಕ್ಕೂ ಜಾಸ್ತಿ.

ದೊಡ್ಡ ಮಾವ: ಒಳ್ಳೇದಾಯಿತಲ್ಲ! ಮನೆ ಕೊಟ್ಟಿದ್ದೂ ಆಯಿತು, ಆಸ್ತಿ ಬೆಳೆದಿದ್ದೂ ಆಯಿತು.

ನಾನು: ಇಲ್ಲೇ ನನ್ನ ತಕರಾರು ಇರೋದು ಮಾವ. ಈಗಾಗಲೇ ಮನೆ ಇರೋರಿಗೆ ಬೆಲೆ ಏರಬೇಕು. ಅವರ ಪಿಎಫ್ ಎಲ್ಲ ಅದರಲ್ಲೇ ಕೂತಿದೆ, ಅದೇ ಅವರ ಪಿಂಚಣಿ. ಈಗ ಮದುವೆಯಾಗೋರಿಗೆ ಬೆಲೆ ಇಳಿಯಬೇಕು. ಇಬ್ಬರಿಗೂ ಸರ್ಕಾರವೇ ಮಾತು ಕೊಟ್ಟಿದೆ. ಹೊಸ ಫ್ಲ್ಯಾಟಿಗೆ ಸಬ್ಸಿಡಿ ಕೊಟ್ಟು ಎಳೆಯರನ್ನು ಸಮಾಧಾನ ಮಾಡುತ್ತೆ. ಐದು ವರ್ಷ ಮಾರುವಂತಿಲ್ಲ, ಅದು ಕಳೆದ ಮೇಲೆ ಅವರೇ ಲಾಭಕ್ಕೆ ಮಾರುತ್ತಾರೆ, ಅದರ ಹೊರೆ ಮುಂದಿನವರ ಮೇಲೆ ಬೀಳುತ್ತೆ. ಒಳ್ಳೇ ಜಾಗದ ಹೊಸ ಫ್ಲ್ಯಾಟುಗಳಿಗೆ 2021ರಿಂದ ಆ ಐದನ್ನು ಹತ್ತು ಮಾಡುತ್ತಾ ಬಂದಿದ್ದಾರೆ. ಅಷ್ಟು ಸಾಲದು ಅಂತ ನನಗನ್ನಿಸುತ್ತೆ. ಇದರ ಮೇಲೆ ಹೆಚ್ಚುಕಮ್ಮಿ ಎಲ್ಲಾ ಫ್ಲ್ಯಾಟೂ 99 ವರ್ಷದ ಲೀಸ್. ಮುಗಿದ ದಿನ ಮನೆ ಎಚ್‌ಡಿಬಿಗೆ ವಾಪಸ್, ಬೆಲೆ ಸೊನ್ನೆ.

ದೊಡ್ಡ ಮಾವ: ಕಾಗದದಲ್ಲಿ ಹಾಗೆ ಇರುತ್ತೆ. ಅಷ್ಟು ಲಕ್ಷ ಓಟುದಾರರ ಮನೆ ಯಾವ ಸರ್ಕಾರ ಕಿತ್ತುಕೊಳ್ಳುತ್ತೆ? ಸುಮ್ನೆ ಹೆದರಿಸಬೇಡ.

ಅಕ್ಕ: ಇಲ್ಲಿನವರೂ ಹಾಗೇ ನಂಬಿದ್ದರು ಮಾವ. ಹಳೇದನ್ನು ಕೆಡವಿ ಹೊಸ ಫ್ಲ್ಯಾಟ್ ಕೊಡೋ ಸೆರ್ಸ್ ಯೋಜನೆ ಇತ್ತಲ್ಲ, ತಮಗೂ ಬರುತ್ತೆ ಅಂತ ಕಾಯುತ್ತಿದ್ದರು. 2017ರಲ್ಲಿ ಆಗ ಸಚಿವರಾಗಿದ್ದ ಲಾರೆನ್ಸ್ ವಾಂಗ್ ಕಡ್ಡಿ ಮುರಿದಂತೆ ಹೇಳಿದರು: ಎಲ್ಲರಿಗೂ ಬರಲ್ಲ, 1995ರಿಂದ ಸಿಕ್ಕಿರೋದೇ ಶೇ 4ರಷ್ಟು ಫ್ಲ್ಯಾಟುಗಳಿಗೆ. 2020ರ ಡಿಸೆಂಬರ್ 31ಕ್ಕೆ ಗೇಲಾಂಗ್‌ನಲ್ಲಿ 191 ಖಾಸಗಿ ಮನೆಗಳ 60 ವರ್ಷದ ಲೀಸ್ ಮುಗಿಯಿತು. ಪರಿಹಾರ ಇಲ್ಲದೆ ಸರ್ಕಾರಕ್ಕೆ ಹೋದವು. ಈಗ ನಾವು ಮನೆ ನೋಡುವಾಗ ಮೊದಲು ಲೀಸ್ ಎಷ್ಟು ಉಳಿದಿದೆ ಅಂತಲೇ ಕೇಳಿದ್ದು. ಕೊಳ್ಳೋರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ 95 ವರ್ಷ ಆಗೋವರೆಗೆ ಲೀಸ್ ಇರದಿದ್ದರೆ ಸಿಪಿಎಫ್ ಪೂರ್ತಿ ಬಳಸಲು ಬಿಡಲ್ಲ.

ದೊಡ್ಡ ಮಾವ: ಹಾಗಾದರೆ 1970ರ ಸುಮಾರಿಗೆ ಕೊಟ್ಟ ಮನೆಗಳ ಗತಿ?

ಅಕ್ಕ: 70 ವರ್ಷ ಆದ ಮೇಲೆ ನಿವಾಸಿಗಳೇ ಓಟು ಹಾಕಿ ಸರ್ಕಾರಕ್ಕೆ ಮಾರಬಹುದು ಅಂತ 2018ರಲ್ಲಿ ವೆರ್ಸ್ ಅನ್ನೋ ಯೋಜನೆ ಹೇಳಿದರು. ಸೆರ್ಸ್‌ನಷ್ಟು ದುಡ್ಡು ಬರಲ್ಲ ಅಂತ ಆಗಲೇ ಹೇಳಿದ್ದಾರೆ.

ದೊಡ್ಡ ಮಾವ: ಬೇಡ ಅಂತ ಓಟು ಹಾಕಿದರೆ?

ಅಕ್ಕ: ಲೀಸ್ ಮುಗಿಯೋವರೆಗೆ ಇರಬಹುದು.

ದೊಡ್ಡ ಮಾವ: ಹೂಂ. ಸಾಲದ ಕಾಟ ಇಲ್ಲ ಅನ್ನೋ ಸಾಲು ತೆಗೆದು ಬ್ಯಾಂಕ್ ಗೆಳೆಯರ ಗುಂಪಿಗೆ ಹಾಕುತ್ತೇನೆ. ನಾಯಕನ ಸಾಲು ಇರುತ್ತೆ, ಅದನ್ನು ಮುಟ್ಟಲ್ಲ.

ತಮ್ಮ: ಕಾಯ್ದೆಯ ಇಸವಿನಾದರೂ ಸೇರಿಸಿ ಮಾವ.

ದೊಡ್ಡ ಮಾವ: 1966 ತಾನೇ?