ಶನಿವಾರ ಭಾನುವಾರ ನಿಂತರೆ ಸಾಕು, ಸೋಮವಾರ ಬ್ಯಾಟರಿ ಡೌನ್

ಮೈಸೂರು ಹ್ಯಾಚ್‌ಬ್ಯಾಕ್:
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಕಾರು, 35 ಆಂಪಿಯರ್ ಅವರ್ ಬ್ಯಾಟರಿ. ಶುಕ್ರವಾರ ಸಂಜೆ ತಂದು ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್ ಟಕ್. ದಿನಾ ಓಡಿಸುವಾಗ ಏನೂ ತೊಂದರೆ ಇಲ್ಲ. ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿಸಿದೆ. ಎರಡೇ ವಾರಕ್ಕೆ ಮತ್ತದೇ ಕಥೆ. ಈಗ ಡೈನಮೋ ಬದಲಿಸಿ ಅಂತಿದ್ದಾರೆ. ಬದಲಿಸಲಾ? ಪಕ್ಕದ ಮನೆಯವರ ಹತ್ತಿರ ಜಂಪರ್ ಕೇಬಲ್ ಕೇಳಿ ಕೇಳಿ ನಾಚಿಕೆಯಾಗಿದೆ.

ವೈರ್ ಹುಳ:
ಡೈನಮೋಗೆ ಕೈ ಹಾಕಬೇಡಿ ಸರ್, ಮೊದಲು ಅಳೆಯಿರಿ. ಸಾಧಾರಣ ಮಲ್ಟಿಮೀಟರ್ ಸಾಕು. ಫುಲ್ ಚಾರ್ಜ್ ಆದ ಬ್ಯಾಟರಿ ಕೆಲವು ಗಂಟೆ ಸುಮ್ನೆ ನಿಂತ ಮೇಲೆ 12.6 ವೋಲ್ಟ್ ಹತ್ತಿರ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5.

ಮೈಸೂರು ಹ್ಯಾಚ್‌ಬ್ಯಾಕ್:
ಚಾರ್ಜ್ ಮಾಡಿಸಿ ನೋಡಿದೆ. ನಿಂತಾಗ 12.5, ಓಡುವಾಗ 14.1. ಸರಿ ಇದೆ ಅಲ್ವಾ?

ವೈರ್ ಹುಳ:
ಸರಿ ಇದೆ. ಬ್ಯಾಟರಿಯೂ ಚೆನ್ನಾಗಿದೆ, ಡೈನಮೋ ಅದನ್ನು ಚಾರ್ಜೂ ಮಾಡ್ತಿದೆ. ಅಂದರೆ ಕಾರು ಮಲಗಿರುವಾಗ ಯಾವುದೋ ಒಂದು ಕರೆಂಟ್ ಕುಡೀತಿದೆ. ಹಿಡಿಯೋಣ.

ಡ್ರೈವರ್ ಬಾಗಿಲು ತೆಗೆದಿಟ್ಟು, ಅದರ ಲಾಕನ್ನು ಸ್ಕ್ರೂ ಡ್ರೈವರ್‌ನಿಂದ ಒತ್ತಿ ಕೂರಿಸಿ. ಬಾಗಿಲು ಹಾಕಿದೆ ಎಂದು ಕಾರು ನಂಬಬೇಕು. ಆಮೇಲೆ ಫ್ಯೂಸ್ ಬಾಕ್ಸ್‌ಗೆ ಕೈ ಹಾಕಲು ಬಾಗಿಲು ತೆಗೆಯುವ ಕೆಲಸ ಇರುವುದಿಲ್ಲ. 10 ನಂಬರ್ ಸ್ಪ್ಯಾನರ್‌ನಿಂದ ನೆಗೆಟಿವ್ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ಕೇಬಲ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಮೀಟರ್ ಕೂರಿಸಿ. ಶುರುವಿನಲ್ಲಿ ಜಾಸ್ತಿ ತೋರಿಸುತ್ತದೆ, ಗಾಬರಿ ಬೇಡ. ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರ್‌ಗಳು ನಿದ್ದೆಗೆ ಹೋಗಬೇಕು. ಆಮೇಲೂ 0.05 ಆಂಪಿಯರ್‌ಗಿಂತ ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯಿರಿ. ಯಾವುದು ತೆಗೆದಾಗ ಕೆಳಗೆ ಬೀಳುತ್ತೋ ಕಳ್ಳ ಅಲ್ಲೇ. ಎಲ್ಲ ತೆಗೆದರೂ ಇಳಿಯದಿದ್ದರೆ ಆಗ ಡೈನಮೋದ ಡಯೋಡ್ (ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಭಾಗ) ಮೇಲೆ ಅನುಮಾನ ಪಡೋಣ.

ಮೀಟರ್ ಸಿಕ್ಕಿಸಿರುವಾಗ ಸೆಲ್ಫ್ ಮಾತ್ರ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತೆ. ಕೆಲಸ ಮುಗಿದ ಮೇಲೆ ಕೆಂಪು ವೈರನ್ನು ಮೊದಲಿನ ತೂತಿಗೇ ಹಾಕಿ. ನಾನೊಮ್ಮೆ ಮರೆತು ಹಾಗೇ ವೋಲ್ಟ್ ನೋಡಲು ಹೋಗಿ ಕಿಡಿ ಹಾರಿಸಿದ್ದೇನೆ.

ದಾವಣಗೆರೆ ಟ್ಯಾಕ್ಸಿ:
ಡಿಕ್ಕಿ ಲೈಟ್ ನೋಡಿದ್ರಾ ಅಣ್ಣ? ಮೊಬೈಲಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಡಿಕ್ಕಿ ಹಾಕಿ. ಲೈಟ್ ಆರುತ್ತೋ ಇಲ್ವೋ ಗೊತ್ತಾಗುತ್ತೆ. ನನ್ನದರಲ್ಲಿ ಅದೇ ಆಗಿತ್ತು.

ಮೈಸೂರು ಹ್ಯಾಚ್‌ಬ್ಯಾಕ್:
ಡಿಕ್ಕಿ ಲೈಟ್ ಆರುತ್ತದೆ. ಮೀಟರ್ ಮೊದಲು 2.8 ತೋರಿಸಿ ಎದೆ ಧಸಕ್ ಅಂತು. ಅರ್ಧ ಗಂಟೆ ಬಿಟ್ಟು ನೋಡಿದರೆ 0.38, ಅಲ್ಲೇ ನಿಂತಿತು. ಏಳನೇ ಫ್ಯೂಸ್ ತೆಗೆದ ಕೂಡಲೇ 0.02. ಅದು ಒಳಗಿನ ಲೈಟ್ ಮತ್ತು ಸ್ಟೀರಿಯೋದ್ದು. ಲೈಟ್ ಆರಿಯೇ ಇದೆ. ಸ್ಟೀರಿಯೋ ಮುಟ್ಟಿದರೆ ರಾತ್ರಿಯಿಡೀ ನಿಂತ ಕಾರಿನಲ್ಲೂ ಬೆಚ್ಚಗೆ!

ವೈರ್ ಹುಳ:
ಹೊರಗೆ ಹಾಕಿಸಿದ ಸ್ಟೀರಿಯೋನಾ? ಹಿಂದೆ ಹಳದಿ, ಕೆಂಪು ವೈರ್ ನೋಡಿ. ಸಾಮಾನ್ಯವಾಗಿ ಹಳದಿಗೆ ಸದಾ ಕರೆಂಟ್ ಇರಬೇಕು, ಸೆಟ್ಟಿಂಗ್ ನೆನಪಿಟ್ಟುಕೊಳ್ಳಲು. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ.

ಲೆಕ್ಕವೂ ಕೂಡುತ್ತೆ. 0.38 ಆಂಪಿಯರ್, ಶುಕ್ರವಾರ ಸಂಜೆಯಿಂದ 60 ಗಂಟೆ, ಸುಮಾರು 23 ಆಂಪಿಯರ್ ಅವರ್. 35ರಲ್ಲಿ ಅಷ್ಟು ಹೋದ ಮೇಲೆ ಸೆಲ್ಫ್ ಎಲ್ಲಿಂದ ಎಳೆಯುತ್ತೆ?

ಮೈಸೂರು ಹ್ಯಾಚ್‌ಬ್ಯಾಕ್:
ಬಿಚ್ಚಿದೆ. ಕೆಂಪು, ಹಳದಿ ಎರಡನ್ನೂ ಹೊಸೆದು ಒಂದೇ ಟೇಪ್ ಸುತ್ತಿದ್ದಾರೆ. ಅಂಗಡಿಯವನಿಗೆ ಬೈಯೋಣ ಅಂದ್ಕೊಂಡೆ. ಆಗ ಹೆಂಡತಿ ನೆನಪಿಸಿದಳು: ಕೀ ಇಲ್ಲದೆಯೂ ಹಾಡು ಬರಬೇಕು ಎಂದು ಹೇಳಿ ಮಾಡಿಸಿದ್ದು ನಾನೇ.

ವೈರ್ ಹುಳ:
ಹ್ಹಹ್ಹ! ಕೆಂಪನ್ನು ಕೀ ಲೈನಿಗೆ ಬೇರೆಯಾಗಿ ಕೊಡಿಸಿ. ಬ್ಯಾಟರಿಯನ್ನು ಒಮ್ಮೆ ಚಾರ್ಜರ್‌ಗೆ ಹಾಕಿ ನಿಧಾನವಾಗಿ ಪೂರ್ತಿ ತುಂಬಿಸಿ. ಪದೇ ಪದೇ ಖಾಲಿಯಾದರೆ ಪ್ಲೇಟಿನ ಮೇಲೆ ಸಲ್ಫೇಟ್ ಕೂತು ಆಯಸ್ಸು ಕಡಿಮೆಯಾಗುತ್ತೆ.

ಮೈಸೂರು ಹ್ಯಾಚ್‌ಬ್ಯಾಕ್:
ಸೋಮವಾರದ ವರದಿ: 12.5 ವೋಲ್ಟ್, ಒಂದೇ ಸೆಲ್ಫ್‌ಗೆ ಸ್ಟಾರ್ಟ್.

ದಾವಣಗೆರೆ ಟ್ಯಾಕ್ಸಿ:
ಹಳೇ ಬ್ಯಾಟರಿ ಇಟ್ಕೊಂಡಿದ್ದೀರಾ ಅಣ್ಣ? ಅದೂ ಚೆನ್ನಾಗಿಯೇ ಇದ್ದಿರಬಹುದು.

ಮೈಸೂರು ಹ್ಯಾಚ್‌ಬ್ಯಾಕ್:
ಎಕ್ಸ್‌ಚೇಂಜಿಗೆ ಕೊಟ್ಟುಬಿಟ್ಟೆ. ಅದೊಂದು ಮಾತ್ರ ನೆನಪಿಸಬೇಡಿ.