ಹೆಲ್ಮೆಟ್ ಹಾಕಿಕೊಂಡು ಮುಳುಗಿ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಹೋಟೆಲು. ತಟ್ಟೆ ಇಡ್ಲಿ ಮುಗಿದು ಕಾಫಿ ಬಂದಿತ್ತು. ರುದ್ರೇಶ ಮೊಣಕಾಲವರೆಗೆ ತೊಪ್ಪೆಯಾಗಿ ಒಳಗೆ ಬಂದ. ಕೈಯಲ್ಲಿ ಒಂದೇ ಚಪ್ಪಲಿ. ಇನ್ನೊಂದನ್ನು ಮಳೆನೀರು ನಿಂತ ಅಂಡರ್‌ಪಾಸ್ ನುಂಗಿತ್ತು.

"ಮಲೇಷ್ಯಾದ ಕೌಲಾಲಂಪುರದಲ್ಲಿ ಮಳೆನೀರು ಸಾಗಿಸೋ ಒಂದು ಸುರಂಗ ಇದೆ ಕಣ್ರೋ," ಅಂದ ಮಂಜ. "ಹೆಸರೇ ಸ್ಮಾರ್ಟ್. 2007ರಲ್ಲಿ ಶುರುವಾಯ್ತು, ಉದ್ದ 9.7 ಕಿಲೋಮೀಟರ್. ಅದರಲ್ಲಿ ಸುಮಾರು 4 ಕಿಲೋಮೀಟರ್ ಕಾರುಗಳಿಗೆ. ಮಳೆ ತೀರಾ ಜೋರಾದರೆ ಅಲ್ಲೂ ನೀರು ಹರಿಸ್ತಾರೆ."

"ನಮ್ಮದು ಅದಕ್ಕಿಂತ ಮುಂದಿದೆ ಬಿಡು," ಅಂದ ನಂಜುಂಡಿ. "ಕಾರು, ನೀರು ಎರಡೂ ಒಟ್ಟಿಗೇ ಹೋಗ್ತವೆ."

"ಲೋ, ಅಲ್ಲಿ ಮೊದಲು ಗಾಡಿಗಳನ್ನೆಲ್ಲ ಹೊರಗೆ ಕಳಿಸಿ ಗೇಟು ಹಾಕ್ತಾರೆ. ಆಮೇಲೆ ನೀರು."

"ನಮ್ಮಲ್ಲಿ ಮೊದಲು ನೀರು. ಆಮೇಲೆ ಗೇಟು ಹಾಕಬೇಕಾ ಅಂತ ಮೀಟಿಂಗು."

"2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಕಣೋ ಇದು. ಎಷ್ಟೊಂದು ಕ್ಯಾಮೆರಾ ಇದಾವೆ!"

"ಅವು ನೋಡೋದು ಹೆಲ್ಮೆಟ್. ಹೆಲ್ಮೆಟ್ ಹಾಕಿಕೊಂಡು ಸೊಂಟದವರೆಗೆ ಮುಳುಗು, ದಂಡ ಬೀಳಲ್ಲ."

ರುದ್ರೇಶ ಮಾತ್ರ ನಗಲಿಲ್ಲ. "2023ರ ಮೇನಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ಸತ್ತೇಹೋದಳಲ್ಲೋ. ಕೆಂಪು ನೀರು ನಿಂತರೆ ಆಳ ಎಷ್ಟು ಅಂತ ಮೇಲಿಂದ ಗೊತ್ತೇ ಆಗಲ್ಲ. ಇವತ್ತು ನಂಗೂ ಆಗಲಿಲ್ಲ."

ಸ್ವಲ್ಪ ಹೊತ್ತು ಕಾಫಿ ಸೊರ್ರೆನ್ನುವ ಸದ್ದು ಮಾತ್ರ.

"ಚರಂಡಿ ಜಾಲರಿ ನೋಡಿದೆಯಾ?" ಕೇಳಿದ ಮಂಜ.

"ನೋಡಿದೆ. ಮೇಲೆ ಎರಡು ಎಳನೀರು ಬುರುಡೆ, ಒಂದು ಗುಟ್ಕಾ ಪೊಟ್ಟಣ, ಯಾರದೋ ಮದುವೆ ಹೂವಿನ ಹಾರ. ಅರ್ಧ ಜಾಲರಿ ಡಾಂಬರಿನ ಅಡಿಗೇ ಹೋಗಿದೆ. ಹಳೇದನ್ನು ಕೆರೆದು ತೆಗೆಯದೆ ಪ್ರತಿ ಸಲ ಮೇಲೇ ಹಾಕಿದರೆ ಇನ್ನೇನಾಗುತ್ತೆ?"

"ಬೇಸಿಗೆಯಲ್ಲಿ ಅದೇ ಡಾಂಬರು ಮೆತ್ತಗಾಗಿ ಲಾರಿ ಚಕ್ರದ ಗುಂಡಿ ಬೀಳುತ್ತೆ. ಮಳೆಗಾಲದಲ್ಲಿ ಆ ಗುಂಡಿಗೆ ನೀರು," ಅಂದ ನಂಜುಂಡಿ. "ಎರಡು ಕಾಲಕ್ಕೂ ಕೆಲಸ ಕೊಡೋ ರಸ್ತೆ."

ಮಂಜ ಮೇಜು ಕುಟ್ಟಿದ. "ನೀರಿನ ಮಟ್ಟ ಅಳೆಯೋ ಸೆನ್ಸರ್ ಬಂದಾಗ ಬರಲಿ. ಈಗ ಅಂಡರ್‌ಪಾಸ್ ಗೋಡೆಗೆ ಅಡಿ ಅಡಿಗೂ ಗೆರೆ ಎಳೆದರೆ ಸಾಕು. ಒಂದು ಡಬ್ಬ ಬಣ್ಣದ ಖರ್ಚು."

"ಅಡಿ ಲೆಕ್ಕ ಯಾರು ನೋಡ್ತಾರೆ? ಮೊದಲನೇ ಗೆರೆಗೆ 'ಸೈಲೆನ್ಸರ್' ಅಂತ ಬರಿ. ಎರಡನೇದಕ್ಕೆ 'ಸೀಟು'. ಮೂರನೇದಕ್ಕೆ 'ವಾಪಸ್ ಹೋಗಪ್ಪಾ'."

"ಮೂರನೇದಕ್ಕೆ ಜಾಗ ಇಲ್ಲ," ಅಂದ ರುದ್ರೇಶ. "ಅಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್ ಇದೆ."